ಗುರುವಿನ ಮೊಹರು ಯಾರ ಕೈಗೆ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಮಗಳು ಏಳು ವರ್ಷದಿಂದ ಕರಾಟೆ ಕಲಿಯುತ್ತಿದ್ದಾಳೆ. ಸಂಸ್ಥೆಯ ಹಿರಿಯ ಗುರುಗಳು ತೀರಿಕೊಂಡ ಮೇಲೆ ಶಿಷ್ಯರು ಎರಡು ಪಾಲಾದರು. ನಮ್ಮ ಮಾಸ್ಟರ್ ಹೊಸ ಬಣ ಸೇರಿದರು. ಹಳೆಯ ಬೆಲ್ಟ್ ನಡೆಯುವುದಿಲ್ಲ, ಮತ್ತೆ ಗ್ರೇಡಿಂಗ್ ಆಗಬೇಕು ಎನ್ನುತ್ತಿದ್ದಾರೆ. ಶಿಸ್ತು ಕಲಿಸುವವರೇ ಹೀಗೆ ಕಿತ್ತಾಡಿದರೆ ಮಕ್ಕಳಿಗೆ ಏನು ಹೇಳಬೇಕು?’

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಇದನ್ನು ನಿಮ್ಮ ಊರಿನ ಮಾಸ್ಟರುಗಳ ಸಣ್ಣತನ ಎಂದಷ್ಟೇ ತಿಳಿಯಬೇಡಿ. ಕರಾಟೆಯ ತವರಿನಲ್ಲೇ, ಅದೂ ಅದರ ಅತಿ ದೊಡ್ಡ ಮನೆಗಳಲ್ಲೇ ಹೀಗಾಗಿದೆ.

ಕ್ಯೊಕುಶಿನ್ ಶೈಲಿಯನ್ನು ಕಟ್ಟಿದ ಮಸುತಾತ್ಸು ಒಯಾಮಾ 1994ರ ಏಪ್ರಿಲ್ 26ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಕೊರಿಯಾದಲ್ಲಿ ಹುಟ್ಟಿ ಜಪಾನಿಗೆ ಬಂದವರು. 1964ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಸ್ಥಾಪಿಸಿ ಮೂವತ್ತು ವರ್ಷ ಅದನ್ನು ಒಂಟಿ ಕೈಯಲ್ಲಿ ಹಿಡಿದವರು. ಆಸ್ಪತ್ರೆಯ ಹಾಸಿಗೆಯಲ್ಲಿ ಅವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಉಯಿಲಾಗಿ ಬರೆದುಕೊಂಡರೆಂದು ಹೇಳಲಾಯಿತು. ಉತ್ತರಾಧಿಕಾರಿ ಶೋಕೇಯ್ ಮಾತ್ಸುಯಿ, ವಯಸ್ಸು 31. ಸಾಧನೆಯಲ್ಲಿ ಮಾತ್ಸುಯಿ ಯಾರಿಗೂ ಕಡಿಮೆಯಲ್ಲ: 1986ರಲ್ಲಿ ಒಂದೇ ದಿನ ನೂರು ಜನರೊಡನೆ ಸರದಿಯಾಗಿ ಕಾದಾಡಿ ಮುಗಿಸಿದ್ದರು, 1987ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ಆದರೆ ಕುಟುಂಬದವರು ಉಯಿಲನ್ನು ಒಪ್ಪಲಿಲ್ಲ. ಮಾತ್ಸುಯಿಗಿಂತ ಎಷ್ಟೋ ವರ್ಷ ಹಿರಿಯರಾದ ಶಾಖಾ ಮುಖ್ಯಸ್ಥರಲ್ಲೂ ಹಲವರು ಒಪ್ಪಲಿಲ್ಲ. 1995ರಲ್ಲಿ ಟೋಕಿಯೊದ ಕುಟುಂಬ ನ್ಯಾಯಾಲಯ ಆ ಉಯಿಲಿಗೆ ಮಾನ್ಯತೆ ನಿರಾಕರಿಸಿತು. ಮೇಲ್ಮನವಿಯಲ್ಲೂ ಅದು ನಿಲ್ಲಲಿಲ್ಲ. ಅಷ್ಟರಲ್ಲಿ ಮನೆ ಮೂರಾಗಿತ್ತು, ಆಮೇಲೆ ಇನ್ನೂ ಹೆಚ್ಚಾಯಿತು. 1991ರ ವಿಶ್ವ ಚಾಂಪಿಯನ್ ಕೆಂಜಿ ಮಿಡೋರಿ ಮುನ್ನಡೆಸಿದ ಬಣ 2003ರಲ್ಲಿ ಶಿನ್‌ಕ್ಯೊಕುಶಿನ್‌ಕಾಯ್ ಎಂಬ ಹೊಸ ಹೆಸರು ಇಟ್ಟುಕೊಂಡಿತು. ಅದೇ 2003ರಲ್ಲಿ ಮಾತ್ಸುಯಿ ಬಣವೂ ಮಿಡೋರಿ ಬಣವೂ ಬೇರೆಬೇರೆಯಾಗಿ ‘8ನೇ ವಿಶ್ವ ಟೂರ್ನಿ’ ನಡೆಸಿದವು. ಹಿಂದಿನ ಎಣಿಕೆ ಬಿಟ್ಟುಕೊಡಲು ಯಾರೂ ಸಿದ್ಧರಿರಲಿಲ್ಲ. ನನ್ನನ್ನು ಬಹಳ ಕಾಡಿದ ವಿವರ ಇದು. ಒಂದೇ ತಂದೆಯ ತಿಥಿಯನ್ನು ಎರಡು ಮನೆಗಳಲ್ಲಿ ಮಾಡಿದ ಹಾಗೆ.

ಹಾಗೆಂದು ಒಡಕು ಸಾವಿನಿಂದಲೇ ಶುರುವಾಯಿತೆನ್ನಲಾಗದು. ಒಯಾಮಾ ಅವರ ಶಿಷ್ಯ ಹಿದೆಯುಕಿ ಅಶಿಹಾರಾ 1980ರಲ್ಲೇ ಹೊರಬಿದ್ದು ಸ್ವಂತ ಶೈಲಿ ಕಟ್ಟಿದ್ದರು. ಬ್ರಿಟನ್ನಿನಲ್ಲಿ ಕ್ಯೊಕುಶಿನ್ ಬೆಳೆಸಿದ ಸ್ಟೀವ್ ಆರ್ನೀಲ್ 1991ರಲ್ಲಿ ಹೊರನಡೆದರು. ಗುರು ಬದುಕಿರುವಾಗ ಒಪ್ಪದವನು ಒಬ್ಬನೇ ಹೋಗುತ್ತಾನೆ, ಮನೆ ಮನೆಯಾಗಿಯೇ ಉಳಿಯುತ್ತದೆ. ಗುರು ಹೋದ ಮೇಲೆ ಯಾರು ಯಾರನ್ನು ಹೊರಹಾಕಬೇಕು?

ಕರಾಟೆಯ ಇನ್ನೊಂದು ದೊಡ್ಡ ಶೈಲಿಯಾದ ಶೊತೊಕಾನ್ ಕಥೆಯೂ ಇದೇ. ಅದನ್ನು ಕಟ್ಟಿದ ಗಿಚಿನ್ ಫುನಾಕೋಶಿ ತೀರಿಕೊಂಡದ್ದು 1957ರಲ್ಲಿ, ಅದೂ ಏಪ್ರಿಲ್ 26ರಂದೇ. ಅಂತ್ಯಕ್ರಿಯೆಯನ್ನು ಯಾರು ನಡೆಸಬೇಕೆಂಬಲ್ಲೇ ಅವರ ಶಿಷ್ಯರ ಎರಡು ಸಂಸ್ಥೆಗಳಾದ ಜಪಾನ್ ಕರಾಟೆ ಸಂಘ ಮತ್ತು ಶೊತೊಕಾಯ್ ನಡುವೆ ಬಿರುಕು ಬಿತ್ತು.

ಯಾಕೆ ಹೀಗೆ? ನನಗೆ ತೋರುವುದು ಇಷ್ಟು. ಗುರುವಿನ ಕೈಯಲ್ಲಿ ವಿದ್ಯೆಯೂ ಇರುತ್ತದೆ, ಸರ್ಟಿಫಿಕೇಟಿಗೆ ಒತ್ತುವ ಮೊಹರೂ ಇರುತ್ತದೆ. ವಿದ್ಯೆ ನೂರು ಶಿಷ್ಯರಿಗೂ ಪೂರ್ತಿಯಾಗಿ ಹೋಗಬಲ್ಲದು. ಮೊಹರು ಒಂದೇ. ದಾನ್ ಪದವಿ, ಅಂದರೆ ಕಪ್ಪು ಬೆಲ್ಟಿನ ದರ್ಜೆ, ಕರಾಟೆಗೆ ಜೂಡೊದಿಂದ ಬಂದದ್ದು; ಫುನಾಕೋಶಿ ಮೊದಲ ಸಲ ಅದನ್ನು ಕೊಟ್ಟದ್ದು 1924ರಲ್ಲಿ. ಆಮೇಲೆ ಪದವಿಯ ಜತೆ ಪರೀಕ್ಷೆ ಶುಲ್ಕ, ಶಾಖೆಯ ಹಕ್ಕು, ಹೆಸರಿನ ಟ್ರೇಡ್‌ಮಾರ್ಕ್ ಎಲ್ಲ ಸೇರಿಕೊಂಡವು. ನಮ್ಮ ಕಿರಾಣಾ ಘರಾಣೆಯನ್ನೇ ನೋಡಿ. ಸವಾಯಿ ಗಂಧರ್ವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಹಾಡಿಕೆಯಲ್ಲಿ ಎಷ್ಟು ಬೇರೆ! ಆದರೆ ಅಲ್ಲಿ ಕಿತ್ತಾಡಲು ಮೊಹರೇ ಇರಲಿಲ್ಲ.

ಒಕಿನಾವಾದ ಚೋಜುನ್ ಮಿಯಾಗಿ ಈ ವಿಷಯದಲ್ಲಿ ನೆನಪಾಗುತ್ತಾರೆ. ಗೋಜು ರ್ಯೂ ಶೈಲಿ ಕಟ್ಟಿದ ಅವರು 1953ರಲ್ಲಿ ಉತ್ತರಾಧಿಕಾರಿಯನ್ನು ಹೆಸರಿಸದೆ ತೀರಿಕೊಂಡರು. ಅವರ ಅಭ್ಯಾಸದ ಸಲಕರಣೆಗಳು ಶಿಷ್ಯ ಎಯಿಚಿ ಮಿಯಾಜಾತೊ ಪಾಲಿಗೆ ಬಂದವು. ಮಿಯಾಗಿ ಧರಿಸುತ್ತಿದ್ದ ಉಡುಪು, ಬೆಲ್ಟನ್ನು ಕುಟುಂಬದವರು ಮುಂದೆ ಇನ್ನೊಬ್ಬ ಶಿಷ್ಯ ಮೇಯ್ತೊಕು ಯಾಗಿಗೆ ಕೊಟ್ಟರು. ಶಿಷ್ಯರು ಬೇರೆಬೇರೆ ಡೋಜೋ, ಅಂದರೆ ಕರಾಟೆ ಶಾಲೆ, ತೆರೆದರು. ಮಿಯಾಗಿ ಕಲಿಸಿದ ‘ಸಾನ್ಚಿನ್’ ಎಂಬ ಕಾತಾ (ಗೊತ್ತಾದ ಚಲನೆಗಳ ಸರಣಿ) ಇವತ್ತಿಗೂ ಆ ಎಲ್ಲ ಡೋಜೋಗಳಲ್ಲಿ ನಡೆಯುತ್ತಿದೆ.

ಇನ್ನು ನಿಮ್ಮ ಮಗಳ ವಿಷಯ. ಅವಳ ಕಾಲು, ಸೊಂಟ, ಉಸಿರು ಕಲಿತದ್ದನ್ನು ಯಾವ ಬಣವೂ ರದ್ದು ಮಾಡಲಾರದು. ಇದನ್ನು ಅವಳಿಗೆ ಹೇಳಿ. ಮಾಸ್ಟರ್ ಕಲಿಸುವುದು ಚೆನ್ನಾಗಿದ್ದರೆ ಅವರನ್ನು ಬಿಡಬೇಡಿ. ಹೊಸ ಬಣ ಕೆಳಗಿನ ಬೆಲ್ಟಿನಿಂದ ಮತ್ತೆ ಶುರುಮಾಡಿಸುತ್ತದೋ, ಈಗಿರುವ ಬೆಲ್ಟಿಗೇ ಒಂದು ಪರೀಕ್ಷೆ ಸಾಕೋ ಎಂದು ಅವರನ್ನೇ ನೇರವಾಗಿ ಕೇಳಿ. ಶುಲ್ಕ ಎಷ್ಟು, ಸರ್ಟಿಫಿಕೇಟಿಗೆ ಸಹಿ ಯಾರದು, ಅವಳು ಆಡಬೇಕೆಂದಿರುವ ಟೂರ್ನಿಗಳಲ್ಲಿ ಅದು ನಡೆಯುತ್ತದೆಯೇ ಎಂಬುದನ್ನೂ. ಹಳೆಯ ಸರ್ಟಿಫಿಕೇಟುಗಳ ಮೂಲಪ್ರತಿ ಕೇಳಿದರೆ ಕೊಡಬೇಡಿ, ಜೆರಾಕ್ಸ್ ಸಾಕು. ತೀರಿಕೊಂಡ ಆ ಹಿರಿಯರ ಸಹಿ ಅದರಲ್ಲಿದೆ.