ಪ್ರತಿಕ್ರಿಯೆ: ಸರ್ಕಾರಿ ಪ್ರೌಢಶಾಲೆಯ ಬಗ್ಗೆ ಎರಡು ಬಗೆಯ ಮಾತು ಕೇಳಿಬಂದಾಗ

ಸಿಂಧನೂರು ತಾಲ್ಲೂಕಿನ ನಿಮ್ಮೂರಿನ ಸರ್ಕಾರಿ ಪ್ರೌಢಶಾಲೆಯನ್ನು ಕೆಲವು ಪಾಲಕರು ಹೊಗಳಿದರೆ, ಇನ್ನು ಕೆಲವರು ಮಗಳನ್ನು ಎಂಟನೆಯ ತರಗತಿಗೆ ಅಲ್ಲಿ ಸೇರಿಸಬೇಡಿ ಎನ್ನುತ್ತಿರುವುದಕ್ಕೆ ಬಹುತೇಕ ಕಾರಣ, ಅವರು ಬೇರೆ ಬೇರೆ ವರ್ಷಗಳ ಅನುಭವ ಹೇಳುತ್ತಿರುವುದು. ಗಣಿತ ಅಥವಾ ವಿಜ್ಞಾನದ ಹುದ್ದೆ ಖಾಲಿಯಿದ್ದು ಅತಿಥಿ ಶಿಕ್ಷಕರು ತಡವಾಗಿ ಬಂದ ವರ್ಷದ ಕಹಿ, ಹುದ್ದೆ ತುಂಬಿದ ಮೇಲೂ ಊರಿನಲ್ಲಿ ಉಳಿಯುತ್ತದೆ. ನನ್ನ ಮಗನನ್ನು ಸೇರಿಸುವಾಗ ನಾನು ಕೇಳಿದ ದೂರುಗಳೆಲ್ಲ ಎರಡು ವರ್ಷ ಹಳೆಯವಾಗಿದ್ದವು. ನಿಮ್ಮಲ್ಲಿಯೂ ಹೀಗೆಯೇ ಎಂದು ಖಚಿತವಾಗಿ ಹೇಳಲಾರೆ.

ಆದ್ದರಿಂದ ಮೊದಲು, ಅಭಿಪ್ರಾಯ ಹೇಳಿದ ಪ್ರತಿಯೊಬ್ಬರಿಗೂ ಯಾವ ವರ್ಷ, ಯಾವ ವಿಷಯ ಎಂದು ಕೇಳಿರಿ. ನಂತರ ಮುಖ್ಯೋಪಾಧ್ಯಾಯರನ್ನು ಕಂಡು, ಮಂಜೂರಾದ ಹುದ್ದೆಗಳಲ್ಲಿ ಕಾಯಂ ಶಿಕ್ಷಕರೆಷ್ಟು ಎಂಬುದನ್ನೂ ಕಳೆದ ಮೂರು ವರ್ಷಗಳ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ವಿಷಯವಾರಾಗಿಯೂ ತಿಳಿದುಕೊಳ್ಳಿರಿ. 625 ಅಂಕಗಳ ಒಟ್ಟು ಲೆಕ್ಕದಲ್ಲಿ ಗಣಿತದ ದೌರ್ಬಲ್ಯ ಕಾಣುವುದಿಲ್ಲ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ ಪರೀಕ್ಷೆ-1ರ ಅಂಕಿಗಳನ್ನೇ ಕೇಳುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾಗಿ ಹತ್ತನೆಯ ತರಗತಿಯ ನಾಲ್ಕೈದು ಹುಡುಗಿಯರನ್ನು ಮಾತನಾಡಿಸಿರಿ: ಶೌಚಾಲಯದಲ್ಲಿ ನೀರು ಬರುತ್ತದೆಯೇ, ನೋಟ್‌ಬುಕ್‌ಗಳನ್ನು ತಿದ್ದುತ್ತಾರೆಯೇ, ಹತ್ತಿ ಬಿಡಿಸುವ ಕಾಲದಲ್ಲಿ ತಪ್ಪಿದ ಪಾಠವನ್ನು ಮತ್ತೆ ಹೇಳಿಕೊಡುತ್ತಾರೆಯೇ? ಈ ಪ್ರಶ್ನೆಗಳಿಗೆ ಮಕ್ಕಳು ಕೊಡುವ ಉತ್ತರವನ್ನು ಪಾಲಕರ ಮಾತಿಗಿಂತ ಹೆಚ್ಚು ನಂಬಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹುದ್ದೆಗಳ ವಿವರ ಶಾಲೆಯಲ್ಲಿ ಸಿಗದಿದ್ದರೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಡಿರಿ. 30 ದಿನಗಳೊಳಗೆ ಉತ್ತರಿಸಬೇಕೆಂಬ ನಿಯಮವಿರುವುದರಿಂದ ಏಪ್ರಿಲ್‌ನಲ್ಲಿಯೇ ಸಲ್ಲಿಸಿರಿ.