ಕೊಳ್ಳುಬಾಕತನ ಮತ್ತು ಫೇಮಸ್ ಆಗುವ ಹುಚ್ಚು: ಯಾವ ಕಾದಂಬರಿ ಓದಬೇಕು?

ಕೊಳ್ಳುಬಾಕತನ, ಹದಿಹರೆಯದವರ ಪ್ರಸಿದ್ಧಿಯ ಹುಚ್ಚು, ಎರಡೂ ಇರುವ ಒಳ್ಳೆಯ ಡಿಸ್ಟೋಪಿಯನ್ (ಹದಗೆಟ್ಟ ಸಮಾಜವೊಂದನ್ನು ಕಲ್ಪಿಸುವ) ಕಾದಂಬರಿ ಯಾವುದು, 16 ವರ್ಷದ ಮಗಳಿಗೆ ಕೊಡಬಹುದಾ ಅಂತ ಕೇಳಿದ್ದೀರಿ. ಎಂ. ಟಿ. ಆಂಡರ್ಸನ್ ಅವರ ‘ಫೀಡ್’ (2002) ಕೊಡಿ.

ಕಥೆ ಮುಂದೊಂದು ಕಾಲದ ಅಮೆರಿಕದ್ದು. ಬಹಳಷ್ಟು ಜನರ ತಲೆಯೊಳಗೇ ಚಿಪ್ ಇದೆ. ಏನು ನೋಡಿದರೂ, ಏನು ಅನ್ನಿಸಿದರೂ ಅದಕ್ಕೆ ತಕ್ಕ ಜಾಹೀರಾತು ಬರುತ್ತದೆ. ಮನಸ್ಸಿನಲ್ಲೇ ಆರ್ಡರ್ ಮಾಡಬಹುದು. ಶಾಲೆ ನಡೆಸುವುದೂ ಕಂಪನಿಗಳೇ. ಕಥೆ ಹೇಳುವ ಟೈಟಸ್‌ಗೆ ಇದೆಲ್ಲ ಮಾಮೂಲು.

ಅಷ್ಟರಲ್ಲಿ ಜನರ ಮೈಮೇಲೆ ಹುಣ್ಣು ಏಳತೊಡಗುತ್ತವೆ. ಯಾಕೆ ಅಂತ ಅವನ ಗೆಳೆಯರು ತಲೆ ಕೆಡಿಸಿಕೊಳ್ಳುವುದಿಲ್ಲ. ಜನಪ್ರಿಯ ಕಾರ್ಯಕ್ರಮದ ತಾರೆಯರಿಗೂ ಹುಣ್ಣಾದ ಮೇಲಂತೂ ಅದೇ ಫ್ಯಾಷನ್! ಗುಂಪಿನ ಹುಡುಗಿಯೊಬ್ಬಳು ಬೇಕಂತಲೇ ಮೈತುಂಬಾ ಕೃತಕ ಗಾಯ ಮಾಡಿಸಿಕೊಂಡು ಪಾರ್ಟಿಗೆ ಬರುತ್ತಾಳೆ. ಈ ಭಾಗ ಓದಿದ ಮೇಲೆ ನಿಮ್ಮ ಮಗಳ ಹತ್ತಿರ ಖಂಡಿತ ಮಾತಾಡಿ.

ವೈಲೆಟ್ ಅನ್ನುವ ಹುಡುಗಿ ಮಾತ್ರ ಇದಕ್ಕೆ ಜಗ್ಗುವುದಿಲ್ಲ. ಅಂಗಡಿ ಅಂಗಡಿ ಸುತ್ತಿ, ಒಂದಕ್ಕೊಂದು ಸಂಬಂಧವೇ ಇಲ್ಲದ ವಸ್ತುಗಳನ್ನು ವಿಚಾರಿಸಿ, ಸುಮ್ನೆ ಎದ್ದು ಬರುತ್ತಾಳೆ. ತಾನು ಎಂಥ ಗಿರಾಕಿ ಅಂತ ಕಂಪನಿಗಳಿಗೆ ಗೊತ್ತೇ ಆಗಬಾರದು ಅನ್ನುವ ಹಟ. ಮುಂದೆ ಅವಳ ಚಿಪ್ ಕೆಟ್ಟು ಜೀವಕ್ಕೇ ಕುತ್ತು ಬರುತ್ತದೆ. ಸಹಾಯ ಕೇಳಿದರೆ ಕಂಪನಿಯವರು, ನಿನ್ನ ಖರೀದಿಯ ಲೆಕ್ಕ ನಂಬುವ ಹಾಗಿಲ್ಲ, ನಿನ್ನ ಮೇಲೆ ದುಡ್ಡು ಹಾಕಲು ಯಾರೂ ಒಪ್ಪುತ್ತಿಲ್ಲ ಅನ್ನುತ್ತಾರೆ. ಅದನ್ನೂ ಎಷ್ಟು ನಯವಾಗಿ, ಗೆಳತಿಯ ದನಿಯಲ್ಲಿ! ನನಗೆ ಓದುತ್ತಾ ನಿಜವಾಗಲೂ ಸಿಟ್ಟು ಬಂತು. ಬಂದೂಕು ಹಿಡಿದ ಸರ್ವಾಧಿಕಾರಿಗಿಂತ ಈ ಸಿಹಿ ಮಾತು ಜಾಸ್ತಿ ಹೆದರಿಸುತ್ತದೆ.

ಪ್ರಸಿದ್ಧಿಯ ವಿಷಯವೇ ಮುಖ್ಯ ಅನ್ನುವುದಾದರೆ ಸ್ಕಾಟ್ ವೆಸ್ಟರ್‌ಫೆಲ್ಡ್ ಅವರ ‘ಎಕ್ಸ್‌ಟ್ರಾಸ್’ (2007) ಇದೆ. ಅದು ‘ಅಗ್ಲೀಸ್’ ಸರಣಿಯ ನಾಲ್ಕನೆಯದು, ಆದರೆ ಬಿಡಿಯಾಗಿಯೂ ಓದಬಹುದು. ಜಪಾನಿನ ಒಂದು ನಗರ. ನಿಮ್ಮ ಬಗ್ಗೆ ಎಷ್ಟು ಜನ ಮಾತಾಡುತ್ತಾರೋ ಅದರ ಮೇಲೆ ನಿಮ್ಮ ರ‍್ಯಾಂಕ್. ರ‍್ಯಾಂಕ್ ಮೇಲೆ ಹೋದಷ್ಟೂ ಸವಲತ್ತು. 15 ವರ್ಷದ ಆಯಾ ಫ್ಯೂಸ್ ಇರುವುದು 4,51,369ನೇ ಸ್ಥಾನದಲ್ಲಿ. ಹೆಸರೇ ಬೇಡ ಅಂತ ಗುಟ್ಟಾಗಿ ಸಾಹಸ ಮಾಡುವ ಹುಡುಗಿಯರ ಗುಂಪಿಗೆ ಸೇರಿ, ಅವರನ್ನೇ ಕದ್ದು ಚಿತ್ರೀಕರಿಸುತ್ತಾಳೆ. ಅಲ್ಲಿಯವರೆಗೆ ತುಂಬಾ ಚೆನ್ನಾಗಿದೆ. ಆಮೇಲೆ ಬರೀ ಓಟ, ಬೆನ್ನಟ್ಟುವಿಕೆ. ಅದಕ್ಕೇ ನನ್ನ ಮೊದಲ ಆಯ್ಕೆ ‘ಫೀಡ್’.

‘ಫೀಡ್’ನಲ್ಲಿ ಬೈಗುಳ ಜಾಸ್ತಿ ಇದೆ, ಮೊದಲೇ ಗೊತ್ತಿರಲಿ. ಇಂಗ್ಲಿಷ್ ಕೂಡ ಕಥೆ ನಡೆಯುವ ಆ ಮುಂದಿನ ಕಾಲದ ಹುಡುಗರ ಆಡುಮಾತು. ಶುರುವಿನಲ್ಲಿ ಕಷ್ಟ ಅನ್ನಿಸುತ್ತದೆ. ಮೊದಲಿಗೇ ಬರುವ, ಟೈಟಸ್ ಮತ್ತು ಗೆಳೆಯರ ಚಂದ್ರಲೋಕದ ಪ್ರವಾಸ ಮುಗಿಯುವವರೆಗಾದರೂ ಬಿಡದೆ ಓದಲು ಹೇಳಿ.