ಬದಲಿಸಲಾಗದ ವಿದ್ಯುತ್ ಖರೀದಿ ಒಪ್ಪಂದ: ಸಹಿಗೆ ಮುನ್ನ ಏನು ನೋಡಬೇಕು?

ಪ್ರಶ್ನೆ: ನಮ್ಮದು ಸಣ್ಣ ಸೌರ ವಿದ್ಯುತ್ ಘಟಕ. ವಿದ್ಯುತ್ ಕೊಳ್ಳುವ ಕಂಪನಿಯವರು ಎಲ್ಲರಿಗೂ ಒಂದೇ ಎಂದು ಮೊದಲೇ ಸಿದ್ಧವಾದ ಒಪ್ಪಂದ ಕೊಟ್ಟಿದ್ದಾರೆ. ಒಂದಕ್ಷರವನ್ನೂ ತಿದ್ದುವಂತಿಲ್ಲವಂತೆ. 20 ವರ್ಷಕ್ಕೆ ಕೈ ಕಟ್ಟಿಕೊಂಡಂತೆ ಆಗುವುದಿಲ್ಲವೇ?

ಉತ್ತರ: ತಿದ್ದುವಂತಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಅನುಮಾನಿಸಬೇಡಿ. ನಿಮ್ಮಂಥ ಸಣ್ಣ ಉತ್ಪಾದಕರಿಗೆ ಮಾದರಿ ಒಪ್ಪಂದವೇ ದೊಡ್ಡ ರಕ್ಷಣೆ ಎಂಬುದು ನನ್ನ ದೃಢ ಅಭಿಪ್ರಾಯ. ಒಂದೊಂದು ಷರತ್ತಿಗೂ ಚೌಕಾಸಿಗೆ ಕೂತರೆ 2 ಮೆಗಾವಾಟ್ ಘಟಕಕ್ಕೂ 200 ಮೆಗಾವಾಟ್ ಘಟಕಕ್ಕೂ ವಕೀಲರ ಕೆಲಸ ಹೆಚ್ಚುಕಡಿಮೆ ಅಷ್ಟೇ. ದೊಡ್ಡವರಿಗೆ ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ, ನಿಮಗೆ ಅದೇ ಹೊರೆಯಾಗುತ್ತದೆ.

ಸಾಲದ ಲೆಕ್ಕ ಇದಕ್ಕಿಂತ ಮುಖ್ಯ. ಬಿಸಿಲಿಗೂ ಗಾಳಿಗೂ ದುಡ್ಡು ಕೊಡಬೇಕಿಲ್ಲ. ಖರ್ಚಿನ ಬಹುಪಾಲು ಘಟಕ ಕಟ್ಟುವಾಗಲೇ ಆಗಿಹೋಗುತ್ತದೆ, ಅದೂ ಹೆಚ್ಚಾಗಿ ಸಾಲದ ಹಣದಲ್ಲಿ. ಹಾಗಾಗಿ ಬಡ್ಡಿ ಸ್ವಲ್ಪ ಏರಿದರೂ ಯೂನಿಟ್ ದರ ಏರುತ್ತದೆ. ಸಾಲ ಕೊಡುವವರು ಪ್ಯಾನೆಲ್‌ಗಳಿಗಿಂತ ಮೊದಲು ನೋಡುವುದು ಖರೀದಿ ಒಪ್ಪಂದವನ್ನು. ಅದರಲ್ಲಿ ಯಾವುದೋ ಷರತ್ತು ಅಸ್ಪಷ್ಟವಾಗಿದ್ದರೆ ಆ ಅನುಮಾನಕ್ಕೂ ಬಡ್ಡಿ ಹಾಕುತ್ತಾರೆ. ಕೊನೆಗೆ ಅದನ್ನು ತೆರುವವರು ಬಳಕೆದಾರರು. ಒಮ್ಮೆ ಓದಿ ಒಪ್ಪಿದ ಪಠ್ಯವೇ ಮುಂದಿನ ಘಟಕಕ್ಕೂ ಬಂದರೆ ಮಂಜೂರಾತಿ ಬೇಗ ಆಗುತ್ತದೆ.

ದಕ್ಷಿಣ ಆಫ್ರಿಕಾ 2011ರಲ್ಲಿ ಇದೇ ದಾರಿ ಹಿಡಿಯಿತು. ಬಿಡ್ ಕರೆಯುವಾಗಲೇ 20 ವರ್ಷದ ಒಪ್ಪಂದದ ಪಠ್ಯ ಎಲ್ಲರ ಕೈಯಲ್ಲಿತ್ತು, ಪೈಪೋಟಿ ನಡೆದದ್ದು ಅದೇ ಪಠ್ಯದ ಮೇಲೆ. ಆದರೆ ಪಠ್ಯ ಚೆನ್ನಾಗಿದ್ದರೆ ಸಾಲದು ಎಂಬುದನ್ನೂ ಆ ದೇಶವೇ ತೋರಿಸಿತು. ಅಲ್ಲಿನ ಸರ್ಕಾರಿ ವಿದ್ಯುತ್ ಕಂಪನಿ ಸಹಿ ಹಾಕದೆ ತಡೆಹಿಡಿದಿದ್ದ 27 ಯೋಜನೆಗಳ ಒಪ್ಪಂದಗಳಿಗೆ ಸಹಿ ಬೀಳಲು 2018ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಆದ್ದರಿಂದ ಕೊಳ್ಳುವವರು ಯಾವ ದಿನಾಂಕದೊಳಗೆ ಸಹಿ ಹಾಕಬೇಕು ಎಂಬುದು ಬಿಡ್ ದಾಖಲೆಯಲ್ಲೇ ಇದೆಯೇ ಎಂದು ಮೊದಲು ನೋಡಿ.

ಆಮೇಲೆ ನಿಧಾನವಾಗಿ, ಎರಡೆರಡು ಸಲ ಓದಬೇಕಾದದ್ದು ಉತ್ಪಾದನೆ ಕಡಿತದ ಷರತ್ತು. ನಡುಮಧ್ಯಾಹ್ನ ನಿಮ್ಮ ಘಟಕ ಪೂರ್ತಿ ಉತ್ಪಾದಿಸುತ್ತಿರುವಾಗ ‘ನಿಲ್ಲಿಸಿ’ ಎಂದು ಸೂಚನೆ ಬರಬಹುದು. ಗ್ರಿಡ್‌ನ ಸುರಕ್ಷತೆಗಾಗಿ ನಿಲ್ಲಿಸುವುದು ಬೇರೆ, ಅಗ್ಗದ ವಿದ್ಯುತ್ ಬೇರೆಡೆ ಸಿಕ್ಕಿತೆಂದು ನಿಲ್ಲಿಸುವುದು ಬೇರೆ. ಮೊದಲನೆಯದಕ್ಕೆ ವರ್ಷಕ್ಕೆ ಇಂತಿಷ್ಟು ಗಂಟೆ ಎಂಬ ಮಿತಿಯೊಳಗೆ ನಷ್ಟ ಹೊರಲು ನೀವು ಒಪ್ಪಬಹುದು. ಎರಡನೆಯದರ ನಷ್ಟ ಕೊಳ್ಳುವವರದ್ದೇ ಆಗಬೇಕು. ಒಪ್ಪಂದದಲ್ಲಿ ಬರೀ ‘ಗ್ರಿಡ್ ಕಾರಣಗಳಿಗಾಗಿ’ ಎಂದಿದ್ದರೆ ಎರಡೂ ಒಂದೇ ಮೂಟೆಯಲ್ಲಿ ನಿಮ್ಮ ತಲೆಯ ಮೇಲೆ ಬೀಳುತ್ತವೆ. ಪರಿಹಾರ ಕೊಡುತ್ತೇವೆ ಎಂದಿದ್ದರೂ, ನಿಲ್ಲಿಸದಿದ್ದರೆ ಎಷ್ಟು ಯೂನಿಟ್ ಬರುತ್ತಿತ್ತು ಎಂದು ಅಳೆಯುವುದು ಹೇಗೆ? ಆ ಹೊತ್ತಿನ ಬಿಸಿಲಿನ ಪ್ರಮಾಣದ ಮೇಲೆಯೇ, ಹಿಂದಿನ ತಿಂಗಳ ಸರಾಸರಿಯ ಮೇಲೆಯೇ? ಉಪಕರಣ ಯಾರದ್ದು? ಇಷ್ಟನ್ನೂ ಬರೆಯದ ಪರಿಹಾರದ ಮಾತು ಜಗಳಕ್ಕೇ ದಾರಿ.

ಬಿಲ್ ಪಾವತಿ ತಡವಾದರೆ ಬಡ್ಡಿ ಎಷ್ಟು, ಬ್ಯಾಂಕ್ ಗ್ಯಾರಂಟಿಯಂಥ ಭದ್ರತೆ ಉಂಟೇ, ಹೊಸ ತೆರಿಗೆ ಬಂದರೆ ದರ ಬದಲಾಗುತ್ತದೆಯೇ, ಒಪ್ಪಂದ ಮುರಿದರೆ ಉಳಿದ ಸಾಲ ಯಾರ ಹೊಣೆ ಎಂಬುದೂ ಒಪ್ಪಂದದಲ್ಲಿ ಬರೆದಿರಲಿ. ವಿದ್ಯುತ್ ಮಾರ್ಗ ಕಟ್ಟುವುದು ಕೊಳ್ಳುವವರ ಕೆಲಸವಾಗಿದ್ದು, ಅದು ತಡವಾದದ್ದಕ್ಕೆ ನಿಮ್ಮ ಮೇಲೆ ದಂಡ ಬೀಳುವಂತಿದ್ದರೆ ಸಹಿ ಹಾಕಬೇಡಿ.

ಹೋಲಿಸಿ ನೋಡಲು ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ ಮತ್ತು ಟೆರಾವಾಟ್ ಇನಿಷಿಯೇಟಿವ್ ಸೇರಿ ರೂಪಿಸಿದ ‘ಓಪನ್ ಸೋಲಾರ್ ಕಾಂಟ್ರಾಕ್ಟ್ಸ್’ ಮಾದರಿಗಳಿವೆ. ಉಚಿತವಾಗಿ ಸಿಗುತ್ತವೆ. ನಿಮ್ಮ ಪ್ರತಿಯನ್ನು ಪಕ್ಕದಲ್ಲಿಟ್ಟು ಓದಿದರೆ ಏನು ಬಿಟ್ಟುಹೋಗಿದೆ ಎಂದು ಕಾಣುತ್ತದೆ. ಬಿಡ್‌ಗೆ ಮುಂಚೆ ಸಂದೇಹಗಳನ್ನು ಲಿಖಿತವಾಗಿ ಕೇಳುವ ಅವಧಿ ಸಾಮಾನ್ಯವಾಗಿ ಇರುತ್ತದೆ. ತಿದ್ದುಪಡಿಗೆ ಅವಕಾಶವಿರುವುದು ಆಗಲೇ. ಅಲ್ಲಿ ಒಪ್ಪಿದ ತಿದ್ದುಪಡಿ ಎಲ್ಲರ ಪ್ರತಿಗೂ ಸೇರುತ್ತದೆ.

ಪ್ರಶ್ನೆ: ಷರತ್ತುಗಳ ಜೊತೆಗೆ ದರವನ್ನೂ ಮಾದರಿ ಒಪ್ಪಂದದಲ್ಲೇ ಬರೆದುಬಿಟ್ಟರೆ ಇನ್ನೂ ಸುಲಭವಲ್ಲವೇ?

ಉತ್ತರ: ಸುಲಭವೇನೋ ಹೌದು, ಅಪಾಯವೂ ಅಲ್ಲೇ ಇದೆ. ಅಮೆರಿಕದಲ್ಲಿ 1978ರ ಕಾನೂನು ಸಣ್ಣ ಉತ್ಪಾದಕರಿಂದ ವಿದ್ಯುತ್ ಕೊಳ್ಳುವುದನ್ನು ಕಂಪನಿಗಳಿಗೆ ಕಡ್ಡಾಯ ಮಾಡಿತು. ಕ್ಯಾಲಿಫೋರ್ನಿಯಾ 1983ರಲ್ಲಿ ತಂದ ಒಂದು ಮಾದರಿ ಒಪ್ಪಂದದಲ್ಲಿ ಮೊದಲ 10 ವರ್ಷದ ದರ ಮುಂಚೆಯೇ ನಿಗದಿಯಾಗಿತ್ತು. ತೈಲ, ಅನಿಲದ ಬೆಲೆ ಏರುತ್ತಲೇ ಹೋಗುತ್ತದೆ ಎಂಬ ಅಂದಾಜಿನ ಮೇಲೆ ಕಟ್ಟಿದ ದರ ಅದು. ಉತ್ಪಾದಕರು ಮುಗಿಬಿದ್ದರು, 1985ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಇಂಧನದ ಬೆಲೆ ಕುಸಿದ ಮೇಲೂ ಸಹಿಯಾದ ಒಪ್ಪಂದಗಳಿಗೆ ಹಳೆಯ ದರವನ್ನೇ ಕೊಡಬೇಕಾಯಿತು.

ಜರ್ಮನಿ 2000ದ ಕಾನೂನಿನಲ್ಲಿ 20 ವರ್ಷದ ನಿಗದಿತ ದರ ಕೊಟ್ಟಿತಾದರೂ, ತಡವಾಗಿ ಬರುವ ಘಟಕಗಳಿಗೆ ದರ ಇಳಿಯುತ್ತಾ ಹೋಗುವಂತೆ ಮಾಡಿತು. 2017ರಿಂದ ದೊಡ್ಡ ಘಟಕಗಳ ದರವನ್ನು ಹರಾಜಿಗೇ ಬಿಟ್ಟಿತು. ಷರತ್ತುಗಳು ಒಂದೇ ಇರಲಿ, ದರ ಪೈಪೋಟಿಯಲ್ಲಿ ತೀರ್ಮಾನವಾಗಲಿ ಎಂದೇ ನಾನೂ ಹೇಳುವುದು. ಷರತ್ತು ಒಂದೇ ಆಗಿದ್ದಾಗಲಷ್ಟೇ ಇಬ್ಬರ ದರಗಳನ್ನು ನ್ಯಾಯವಾಗಿ ಹೋಲಿಸಲು ಬರುತ್ತದೆ.

ಪ್ರಶ್ನೆ: ಮುಂದೆ ಬ್ಯಾಟರಿ ಜೋಡಿಸಿದರೆ ಇದೇ ಒಪ್ಪಂದ ಸಾಕೇ?

ಉತ್ತರ: ಸಾಲದು. ಈಗ ನೀವು ಮಾರುವುದು ಯೂನಿಟ್ ಲೆಕ್ಕದಲ್ಲಿ; ಬ್ಯಾಟರಿ ಬಂದರೆ ಕೇಳಿದ ಹೊತ್ತಿಗೆ ಕೊಡುವ ಸಾಮರ್ಥ್ಯವನ್ನೂ ಮಾರುತ್ತೀರಿ. ಅದಕ್ಕೆ ಬೇರೆ ಅಳತೆ, ಬೇರೆ ದರ, ಬೇರೆ ದಂಡ ಬೇಕು. ಮೂಲ ಒಪ್ಪಂದವನ್ನು ಕದಲಿಸದೆ ಪ್ರತ್ಯೇಕ ಅನುಬಂಧವಾಗಿ ಸೇರಿಸಲು ಅವಕಾಶವಿದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ.